ನಲವತ್ತು ಉಸಿರು

ನನ್ನ ಬಾಯಿ ಜೋರು ಅಂತ ನಮ್ಮ ವಠಾರದಲ್ಲಿ ಎಲ್ಲರಿಗೂ ಗೊತ್ತಿತ್ತು. ನಲ್ಲಿ ಹತ್ತಿರ ಯಾರಾದರೂ ಸಾಲು ತಪ್ಪಿಸಿ ಬಿಂದಿಗೆ ಇಟ್ಟರೆ ಅವರ ಏಳು ತಲೆಮಾರನ್ನೂ ಜಾಲಾಡಿಸಿಬಿಡ್ತಿದ್ದೆ. ಯಜಮಾನರು, "ಶಿವನಂಜಿ, ನಿನ್ನ ಬಾಯಿ ನನ್ನ ಜಟಕಾಗೆ ಕಟ್ಟಿದ್ರೆ ಕುದುರೇನೇ ಬೇಡ ಕಣೇ" ಅಂತ ರೇಗಿಸೋರು. ಒಳಗೆ ನಾನು ಎಂಥ ಪುಕ್ಕಲಿ ಅನ್ನೋದು ನನಗೇ ಗೊತ್ತಾಗಿದ್ದು ಹೊಸ ಪೈಸೆ ಬಂದ ವರ್ಷ. ಆಗ ನನ್ನ ಮಗ ಮಹದೇವುಗೆ ಒಂದು ವರ್ಷ ತುಂಬಿ ಎರಡು ತಿಂಗಳಾಗಿತ್ತು.

ಕೃಷ್ಣಮೂರ್ತಿಪುರಂನಲ್ಲಿ ಎರಡು ಕೋಣೆ ಮನೆ. ನಾನು, ಯಜಮಾನರು ಸಿದ್ದರಾಜು, ಅವರ ತಾಯಿ ಕೆಂಚಮ್ಮ, ಕೂಸು, ಇಷ್ಟೇ ಜನ. ಯಜಮಾನರು ರೈಲ್ವೆ ಸ್ಟೇಷನ್ ಮುಂದೆ ಜಟಕಾ ನಿಲ್ಲಿಸೋರು. ನಾನು ರೇಷ್ಮೆ ನೂಲು ತೆಗೆಯೋ ಕಾರ್ಖಾನೆಗೆ ಹೋಗ್ತಿದ್ದೆ. ಕೂಸನ್ನ ಅತ್ತೆ ನೋಡ್ಕೊಳ್ಳೋರು.

ಅವತ್ತು ಮಹದೇವುಗೆ ಬೆಳಿಗ್ಗೆಯಿಂದ ಮೈ ಕೆಂಡ. ಕೆಲಸಕ್ಕೆ ಹೋಗಲಿಲ್ಲ. ಮಧ್ಯಾಹ್ನ ಮಡಿಲಲ್ಲಿ ಹಾಕ್ಕೊಂಡು ಗಂಜಿ ಕುಡಿಸ್ತಿದ್ದೆ, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡುಬಿಟ್ಟ. ಹಲ್ಲು ಕಚ್ಚಿಕೊಂಡಿತು, ಕೈಕಾಲು ಪಟಪಟ ಅಂತ ಅದುರೋಕೆ ಶುರುವಾಯಿತು, ತುಟಿ ನೀಲಿಗೆ ತಿರುಗಿತು. ನಾನೇನು ಮಾಡಿದೆ ಅಂತೀರಿ? ಕೂಸನ್ನ ಚಾಪೆ ಮೇಲೆ ಎಸೆದ ಹಾಗೆ ಹಾಕಿ ಬೀದಿಗೆ ಓಡಿ ಕಿರುಚಿದೆ. ಒಳಗೆ ಬಂದೆ. ಮತ್ತೆ ಬೀದಿಗೆ ಓಡಿದೆ. ಜೀವ ಬಾಯಿಗೆ ಬಂದಿತ್ತು, ಕಿವಿಯಲ್ಲಿ ಗುಂಯ್ ಅನ್ನೋದು ಬಿಟ್ಟರೆ ಬೇರೇನೂ ಕೇಳಿಸ್ತಿರಲಿಲ್ಲ.

"ಬಾಲಗ್ರಹ ಕಣಮ್ಮಿ, ಬರೆ ಆಕ್ಬೇಕು! ಬಳೆ ಕೊಡು! ಎತ್ತ ತಾಯಿ ಬಳೇನೇ ಆಗ್ಬೇಕು!" ಅಂತ ಅತ್ತೆ ಕೂಗಿದ್ದು ಮಾತ್ರ ಕೇಳಿಸಿತು.

ಬಾಗಿಲ ಚೌಕಟ್ಟಿಗೆ ನನ್ನ ಕೈ ನಾನೇ ಅಪ್ಪಳಿಸಿದೆ. ಗಾಜಿನ ಬಳೆ ಚೂರಾಯಿತು. ಮುತ್ತೈದೆ ತನ್ನ ಬಳೆ ತಾನೇ ಒಡ್ಕೋಬಾರದು ಅಂತ ಹುಟ್ಟಿದಾಗಿನಿಂದ ಕೇಳಿದ್ದೆ, ಆ ಹೊತ್ತಿಗೆ ಅದೆಲ್ಲ ಎಲ್ಲಿ ನೆನಪಾಗಬೇಕು? ದೊಡ್ಡ ಚೂರು ಆರಿಸಿ ಕೊಟ್ಟೆ. ಅತ್ತೆ ಅದನ್ನ ಇಕ್ಕಳದಲ್ಲಿ ಹಿಡಿದು ಒಲೆಯ ಕೆಂಡದಲ್ಲಿ ಕಾಯಿಸಿ, ಕೂಸಿನ ಹೊಕ್ಕುಳ ಪಕ್ಕ ಒಂದು ಸಲ, ಆ ಕಡೆ ಒಂದು ಸಲ ಒತ್ತಿದರು. ಚರ್ಮ ಸುಟ್ಟ ವಾಸನೆ ನನ್ನ ಮೂಗಲ್ಲಿ ಎಷ್ಟು ದಿನ ಇತ್ತೋ ಲೆಕ್ಕವಿಲ್ಲ. ಸ್ವಲ್ಪ ಹೊತ್ತಿಗೆ ಅದುರೋದು ನಿಂತಿತು, ಕೂಸು ಅಳ್ತು.

"ನೋಡ್ದಾ?" ಅಂದರು ಅತ್ತೆ. ಅವರ ಮುಖದಲ್ಲೂ ಬೆವರು ಧಾರೆ.

ಬರೆ ಕೀವಾಯಿತು. ನಾಲ್ಕನೇ ದಿನ ಚಾಮರಾಜಪುರಂನಲ್ಲಿ ಡಾಕ್ಟರು ನಂಜುಂಡಯ್ಯನವರ ಹತ್ತಿರ ಎತ್ಕೊಂಡು ಹೋದೆವು. ಅವರು ಅಂಗಿ ಎತ್ತಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾರು ಹಾಕಿದ್ದು ಇದನ್ನ?"

"ನಮ್ಮತ್ತೆ" ಅಂದೆ. ಬಳೆ ನಂದು ಅಂತ ಹೇಳಲಿಲ್ಲ. ಅಷ್ಟು ದೊಡ್ಡ ಬಾಯಿ ನಂದು, ಅದೊಂದು ಮಾತು ಹೊರಡಲಿಲ್ಲ ನೋಡಿ.

ಡಾಕ್ಟರು ಬೈದು ಮುಗಿಸಿ ಬಿಡಿಸಿ ಹೇಳಿದರು. ಜ್ವರ ಏರಿದಾಗ ಕೆಲವು ಮಕ್ಕಳಿಗೆ ಹೀಗಾಗುತ್ತೆ. ಐದು ವರ್ಷ ತುಂಬೋವರೆಗೂ ಮತ್ತೆ ಬರಬಹುದು. ಬಂದರೆ ಮಗ್ಗುಲಿಗೆ ಮಲಗಿಸಿ, ಬಟ್ಟೆ ಸಡಿಲ ಮಾಡಿ, ಬಾಯಿಗೆ ಏನೂ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ. ಸಾಮಾನ್ಯವಾಗಿ ಐದು ನಿಮಿಷದೊಳಗೆ ತಾನಾಗೇ ನಿಲ್ಲುತ್ತೆ. ಐದು ನಿಮಿಷ ದಾಟಿದರೆ ಎತ್ಕೊಂಡು ಓಡಿ ಬನ್ನಿ.

"ಅವತ್ತೂ ತಾನಾಗೇ ನಿಂತಿದ್ದಮ್ಮ. ಬರೆಯಿಂದ ಅಲ್ಲ. ಎಲ್ಲಕ್ಕಿಂತ ಮುಖ್ಯ, ನೀನು ಗಾಬರಿ ಬೀಳಬಾರದು."

ಗಾಬರಿ ಬೀಳಬಾರದಂತೆ! ಹೊಳೆಗೆ ಬಿದ್ದೋನಿಗೆ ಒದ್ದೆಯಾಗಬೇಡ ಅಂದ ಹಾಗೆ. "ಮನೇಲಿ ಗಡಿಯಾರ ಇದೆಯಾ?" ಅಂದರು. ಇಲ್ಲ ಅಂದೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಹೇಳಿದೆ ಅಂದರೆ ಜಗಳವಾಡಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸ್ಕೊಂಡರು.

"ಡಾಕ್ಟ್ರು ಏಳ್ತಾರೆ, ಅವರ್ಗೇನು. ನನ್ನ ಕೆಂಪಯ್ಯನ್ಗೆ ಬರೆ ಆಕೋದು ತಡ ಆಗೋಯ್ತು. ಅದ್ಕೇ ಓದ. ಈ ಕೂಸ್ಗೆ ಮಾತ್ರ ನಾನು ತಡ ಮಾಡಾಕಿಲ್ಲ."

ಕೆಂಪಯ್ಯ ಅಂದರೆ ನಮ್ಮ ಯಜಮಾನರಿಗಿಂತ ಮುಂಚೆ ಹುಟ್ಟಿದ ಮಗ. ಎರಡು ವರ್ಷಕ್ಕೆ ಇದೇ ಥರ ಬಂದು ಹೋಗಿಬಿಟ್ಟಿತ್ತಂತೆ. ತಡ ಆಯ್ತು, ತಡ ಆಯ್ತು ಅನ್ನೋದನ್ನ ನಾನು ಈ ಮನೆಗೆ ಕಾಲಿಟ್ಟ ದಿನದಿಂದ ಕೇಳಿದ್ದೆ. ಮಾರನೇ ದಿನ ಗಾಜಿನ ಬಳೆ ಬಿಚ್ಚಿಟ್ಟು ಹಿತ್ತಾಳೆ ಬಳೆ ಹಾಕ್ಕೊಂಡೆ. ಕಾರ್ಖಾನೆಯ ಬಿಸಿನೀರಿಗೆ ಗಾಜು ಒಡೆಯುತ್ತೆ ಅಂತ ಸುಳ್ಳು ಹೇಳಿದೆ. ಅತ್ತೆ ವಿಧವೆ, ಅವರ ಕೈಯಲ್ಲಂತೂ ಬಳೆ ಇರಲಿಲ್ಲ. ಬಳೆಯಿಲ್ಲದ ಮನೇಲಿ ಬರೆ ಎಲ್ಲಿಂದ ಬರುತ್ತೆ ಅಂತ ನನ್ನ ಲೆಕ್ಕಾಚಾರ.

ಆದರೂ ಕೆಲಸಕ್ಕೆ ಹೋದರೆ ಜೀವ ಮನೇಲೇ. ಈಗ ಜ್ವರ ಬಂದಿರುತ್ತೆ, ಈಗ ಕಣ್ಣು ಮೇಲಕ್ಕೆ ಹೋಗಿರುತ್ತೆ, ಈಗ ಅತ್ತೆ ಯಾರದ್ದಾದರೂ ಆಗಲಿ ಅಂತ ಪಕ್ಕದ ಮನೆಯವರ ಬಳೆ ಕೇಳ್ತಿರ್ತಾರೆ. ಗೇಟಿನ ಹತ್ತಿರ ಯಾರಾದರೂ ಬಂದು ನಿಂತರೆ ನನಗೇ ಸುದ್ದಿ ತಂದಿದ್ದಾರೆ ಅಂತ ಎದ್ದು ನಿಲ್ತಿದ್ದೆ. ಊಟದ ಡಬ್ಬಿ ಹಾಗೇ ಮನೆಗೆ ವಾಪಸ್ ಹೋಗೋದು. ಇನ್ನೂ ನಾಲ್ಕು ವರ್ಷ ಹೀಗೇ ಬದುಕಬೇಕಲ್ಲಪ್ಪ ಅಂತ ಕೂತಲ್ಲೇ ಅಳು ಬರೋದು.

ನಮ್ಮ ಕೆಲಸ ಹೀಗೆ. ಒಬ್ಬೊಬ್ಬರ ಮುಂದೆ ಒಂದು ಬಿಸಿನೀರಿನ ತೊಟ್ಟಿ. ಅದರಲ್ಲಿ ರೇಷ್ಮೆಗೂಡು ಹಾಕಿ ಬೇಯಿಸಿ, ಸಣ್ಣ ಪೊರಕೆಯಿಂದ ಮೇಲೆ ಸವರಿದರೆ ಎಳೆಯ ತುದಿ ಸಿಕ್ಕುತ್ತೆ. ಬೇಯೋಕೆ ಮುಂಚೆ ಸವರಿದರೆ ಎಳೆ ಬಿಡೋದಿಲ್ಲ, ಕಿತ್ತು ಕಿತ್ತು ಬರುತ್ತೆ. ಜಾಸ್ತಿ ಬೆಂದರೆ ಗೂಡು ಮುದ್ದೆ. ಗಡಿಯಾರ ಇದ್ದಿದ್ದು ಮೇಸ್ತ್ರಿ ಕೋಣೆಯಲ್ಲಿ. ನಮಗೆ ಉಸಿರೇ ಗಡಿಯಾರ. ಗೂಡು ಹಾಕಿದ ಮೇಲೆ ಉಸಿರು ತಗೊಂಡು ಬಿಟ್ಟರೆ ಒಂದು, ಹಾಗೆ ನಲವತ್ತು. ಆಮೇಲೆ ಪೊರಕೆ. ಪಕ್ಕದಲ್ಲಿ ತಣ್ಣೀರಿನ ಬೋಗುಣಿ ಇರೋದು, ಬೆರಳು ಬೆಂದಾಗ ಅದ್ದೋಕೆ.

ಆ ವಾರ ನನ್ನ ತೊಟ್ಟಿಯಲ್ಲಿ ಮೂರು ಸಲ ಗೂಡು ಕೆಟ್ಟಿತು. ಒಂದು ಎಳೆಯೂ ನೆಟ್ಟಗೆ ಬರಲಿಲ್ಲ. ಮೇಸ್ತ್ರಿ ಬಂದು ಕೂಗಾಡಿದ. ನಾನೂ ಸುಮ್ಮನಿರಲಿಲ್ಲ, "ಗೂಡೇ ಸರಿಯಿಲ್ಲ, ಎಂಥ ಗೂಡು ತಂದಿದ್ದೀರಿ, ನಲವತ್ತು ಎಣಿಸಿದ್ದೀನಿ" ಅಂತ ತಿರುಗಿ ಬಿದ್ದೆ. ಅವನು ಅತ್ತ ಹೋದ ಮೇಲೆ ಪಕ್ಕದ ತೊಟ್ಟಿಯ ಅಂಬುಜಕ್ಕ ನಕ್ಕರು. ಅವರು ಹತ್ತೊಂಬತ್ತು ವರ್ಷದಿಂದ ನೂಲು ತೆಗೀತಿದ್ದೋರು, ಬೆರಳ ತುದಿಯೆಲ್ಲ ಬೆಳ್ಳಗೆ ಸುಕ್ಕು.

"ಗೂಡಿಗ್ಯಾಕೆ ಬೈತೀಯೆ? ನೀನು ನಲವತ್ತು ಎಣಿಸೋ ಹೊತ್ತಿಗೆ ನಂದು ಹದಿನೆಂಟು ಆಗಿತ್ತು ಕಣೇ. ಎದೆ ನೋಡ್ಕೋ, ನಾಯಿ ಏದುಸಿರು ಬಿಟ್ಟಂಗೆ ಬಿಡ್ತಿದ್ದೀಯ. ಓಡೋ ಉಸಿರಲ್ಲಿ ಗೂಡು ಬೇಯುತ್ತಾ?"

ನನಗೆ ರೇಗಿತು. ಆಮೇಲೆ ಎದೆ ಮೇಲೆ ಕೈಯಿಟ್ಟು ನೋಡ್ಕೊಂಡೆ. ಹೌದು, ಓಡ್ತಾ ಇತ್ತು. ನಾನು ಕೂತಿದ್ದೀನಿ, ನನ್ನ ಉಸಿರು ಮಾತ್ರ ಕೃಷ್ಣಮೂರ್ತಿಪುರಂಗೆ ಓಡ್ತಾ ಇತ್ತು.

"ಏನು ಮಾಡ್ಲಿ ಅಕ್ಕ? ನಿಲ್ಲಿಸೋಕೆ ಬರಲ್ಲ."

"ನಿಲ್ಲಿಸು ಅಂದೋರ್ಯಾರು? ತಣ್ಣೀರಲ್ಲಿ ಕೈ ಅದ್ದು. ಮಣಿಕಟ್ಟು ಮುಳುಗೋವರೆಗೂ. ಬೆರಳಿಗೆ ಥಂಡಿ ಹತ್ತೋದನ್ನೇ ನೋಡ್ತಾ ಕೂತ್ಕೋ. ಈಗ ತಗೋ. ತಗೊಂಡಿದ್ದಕ್ಕಿಂತ ನಿಧಾನವಾಗಿ ಬಿಡು. ಭಯ ಇರಲಿ ಬಿಡೇ, ಅದರ ಪಾಡಿಗೆ ಅದು ಇರಲಿ. ನೀನು ಎಣಿಸು."

ಮೊದಲನೇ ದಿನ ಆಗಲಿಲ್ಲ. ಹತ್ತಕ್ಕೆ ಬರೋ ಹೊತ್ತಿಗೆ ಮಹದೇವು ಮುಖ ಬರೋದು, ಲೆಕ್ಕ ತಪ್ಪೋದು. "ಮೊದಲಿಂದ" ಅನ್ನೋರು ಅಂಬುಜಕ್ಕ, ಅವರ ಕೈ ಅವರ ಎಳೆ ಮೇಲೇ ಇರ್ತಿತ್ತು. ಎರಡನೇ ದಿನವೂ ಆಗಲಿಲ್ಲ. ಎಷ್ಟನೇ ದಿನವೋ, ನಲವತ್ತು ಮುಗಿಸಿ ಪೊರಕೆ ಸವರಿದೆ, ಗೂಡಿಂದ ಎಳೆ ಸಲೀಸಾಗಿ ಎದ್ದು ಬಂತು. ಗೂಡಿಗೆ ಸುಳ್ಳು ಹೇಳೋಕೆ ಆಗಲ್ಲ ಕಣ್ರೀ. ಧೈರ್ಯವಾಗಿದ್ದೀನಿ ಅಂತ ನಾನು ಎಷ್ಟೇ ಬಾಯಿ ಬಡ್ಕೊಂಡರೂ ಉಸಿರು ಓಡ್ತಿದ್ದರೆ ಎಳೆ ಬಿಡ್ತಿರಲಿಲ್ಲ.

ಬರೆಗೆ ಮುಲಾಮು ಹಚ್ಚಿಸೋಕೆ ಡಾಕ್ಟರ ಹತ್ತಿರ ಹೋದಾಗ ಗೋಡೆ ಗಡಿಯಾರದ ಎದುರು ಕೂತು ಎಣಿಸಿ ನೋಡಿದೆ. ನಲವತ್ತಕ್ಕೆ ಎರಡೂವರೆ ನಿಮಿಷದ ಮೇಲೆ ಒಂಚೂರು. ಮತ್ತೊಂದು ನಲವತ್ತು ಎಣಿಸಿದೆ. ಐದು ನಿಮಿಷ ದಾಟಿತು. ಕಾಂಪೌಂಡರು, "ಏನಮ್ಮ, ನಿಮಗೂ ಏನಾದ್ರೂ ತೊಂದರೆಯಾ?" ಅಂದರು. "ಇತ್ತು, ಗಡಿಯಾರ ಇರಲಿಲ್ಲ" ಅಂದೆ. ಅವರಿಗೇನು ಅರ್ಥವಾಯಿತೋ ಬಿಡ್ತೋ.

ಏಳು ತಿಂಗಳು ಏನೂ ಆಗಲಿಲ್ಲ. ಎರಡು ಸಲ ಜ್ವರ ಬಂತು, ಹಾಗೇ ಇಳಿಯಿತು. ಆ ಎರಡು ಸಲವೂ ನಾನು ಕೂಸಿನ ಪಕ್ಕ ಬೋಗುಣಿ ಇಟ್ಕೊಂಡು ಗೂಬೆ ಹಾಗೆ ಕೂತಿದ್ದೆ.

ಅದೊಂದು ಭಾನುವಾರ. ಕಾರ್ಖಾನೆಗೆ ರಜಾ. ಯಜಮಾನರು ಮದ್ರಾಸ್ ಕಡೆ ರೈಲಿನವರನ್ನ ಕರ್ಕೊಂಡು ಬರ್ತೀನಿ ಅಂತ ಊಟ ಮಾಡಿ ಹೊರಟರು. ಮಹದೇವು ಬೆಳಿಗ್ಗೆ ಆಡ್ಕೊಂಡಿದ್ದ, ಹೊತ್ತು ಏರಿದ ಮೇಲೆ ಮಂಕಾದ. ಹಣೆ ಮುಟ್ಟಿದರೆ ಕಾವಲಿ. ಬಟ್ಟೆ ಒದ್ದೆ ಮಾಡಿ ಒರೆಸ್ತಾ ಇದ್ದೆ, ಕೈಯಲ್ಲಿದ್ದ ಮರದ ಕುದುರೆ ಕೆಳಗೆ ಬಿತ್ತು. ಕಣ್ಣು ಮೇಲಕ್ಕೆ ಹೋಯಿತು.

"ಅತ್ತೆ" ಅಂದೆ, ಅಷ್ಟೇ. ಆಮೇಲೆ ಕಾಲು ಎದ್ದು ನಿಂತವು ನೋಡಿ, ಬೀದಿಗೆ ಓಡೋಕೆ. ನಾನು ಹೇಳದೇನೇ ಎದ್ದವು. ಬಾಗಿಲವರೆಗೂ ಹೋದೆ. ಕಿರುಚೋಕೆ ಬಾಯಿ ತೆರೆದಿದ್ದೆ. ಅಲ್ಲಿಂದ ವಾಪಸ್ ಬಂದು ಕೂತ್ಕೊಳ್ಳೋದು ಇದೆಯಲ್ಲ, ನನ್ನ ಜೀವಮಾನದಲ್ಲಿ ಅಷ್ಟು ಭಾರ ನಾನು ಎತ್ತಿಲ್ಲ. ಕೂತೆ. ಕೂಸನ್ನ ಮಗ್ಗುಲಿಗೆ ತಿರುಗಿಸಿದೆ. ಅಂಗಿ ಸಡಿಲ ಮಾಡಿದೆ. ಎಡಗೈ ಬೋಗುಣಿಯ ತಣ್ಣೀರಿಗೆ ಹಾಕಿದೆ. ಒಂದು.

ಅತ್ತೆ ಅಡುಗೆ ಕೋಣೆಯಿಂದ ಬಂದು ನೋಡಿ ಎದೆ ಬಡ್ಕೊಂಡರು. ಒಡನೆಯೇ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ನೆಲಕ್ಕೆ ಸುರಿದು, ತಳದಿಂದ ಒಂದು ಬಟ್ಟೆ ಗಂಟು ತೆಗೆದರು. ಅದರಲ್ಲಿ ಹಸಿರು ಗಾಜಿನ ಚೂರು. ನನ್ನದೇ ಬಳೆ. ಅವತ್ತು ನಾನು ಒಡೆದು ಕೊಟ್ಟಿದ್ದು. ಏಳು ತಿಂಗಳು ಅದನ್ನ ಸೊಂಟದಲ್ಲೇ ಇಟ್ಕೊಂಡು ಓಡಾಡಿದ್ದರು. ನನ್ನ ಹಿತ್ತಾಳೆ ಬಳೆ ನೋಡಿ ಒಂದು ಮಾತೂ ಆಡದೆ ಇದ್ದಿದ್ದು ಇದಕ್ಕೇ.

ಇಕ್ಕಳ ತಗೊಂಡು ಒಲೆಗೆ ಓಡಿದರು. ಕೆಂಡ ಊದೋ ಸದ್ದು ಕೇಳಿಸ್ತಿತ್ತು. ಒಂಬತ್ತು. ಹತ್ತು. ಕೂಸಿನ ಕಾಲು ಚಾಪೆ ಮೇಲೆ ಟಪಟಪ ಅಂತ ಬಡೀತಿತ್ತು. ಹದಿನಾಲ್ಕಕ್ಕೆ ಅತ್ತೆ ಬಂದರು, ಇಕ್ಕಳದ ತುದಿಯಲ್ಲಿ ಗಾಜು ಕೆಂಪಗೆ.

"ಅಂಗಿ ಎತ್ತಮ್ಮಿ."

ಬೈಯೋಕೆ ನಾಲಿಗೆ ತುದೀಲಿ ನೂರು ಮಾತಿತ್ತು. ಕೂಗಿದರೆ ಉಸಿರು ಓಡುತ್ತೆ, ಉಸಿರು ಓಡಿದರೆ ಲೆಕ್ಕ ಹೋಗುತ್ತೆ, ಲೆಕ್ಕ ಹೋದರೆ ಮತ್ತೆ ನಾನು ಅವತ್ತಿನ ಶಿವನಂಜಿ. ಅವಳು ಬಳೆ ಒಡೆದು ಕೊಡ್ತಾಳೆ.

"ನಲವತ್ತು ಎಣಿಸೋವರೆಗೂ ಕಾಯಿರಿ ಅತ್ತೆ" ಅಂದೆ, ಆದಷ್ಟು ಮೆಲ್ಲಗೆ. "ಆಮೇಲೂ ನಿಲ್ಲದಿದ್ದರೆ ನಾನೇ ಅಂಗಿ ಎತ್ತಿ ಕೊಡ್ತೀನಿ. ನನ್ನಾಣೆ."

"ತಡ ಆಗ್ಬುಡ್ತದೆ ಕಣಮ್ಮಿ! ಕೂಸು ಓಗ್ಬುಡ್ತದೆ!"

"ಹದಿನೆಂಟು" ಅಂದೆ ಜೋರಾಗಿ. ಅವರು ನಿಂತರು. ಯಾಕೆ ನಿಂತರೋ ನನಗೆ ಇವತ್ತಿಗೂ ಗೊತ್ತಿಲ್ಲ. ಮದುವೆಯಾಗಿ ಬಂದ ಈ ಏಳು ವರ್ಷದಲ್ಲಿ ನಾನು ಅವರ ಹತ್ತಿರ ಕಿರುಚದೆ ಮಾತಾಡಿದ್ದು ಅದೇ ಮೊದಲಿರಬೇಕು.

ಇಪ್ಪತ್ತಾರಕ್ಕೆ ತುಟಿ ನೀಲಿಯಾಯಿತು. ಇಪ್ಪತ್ತೇಳು, ಇಪ್ಪತ್ತೆಂಟು, ಮೂವತ್ತು ಅಂತ ಹೋಗಿಬಿಟ್ಟೆ. ಓಡ್ತಿದ್ದೆ. ಅಂಬುಜಕ್ಕನ ದನಿ ಕಿವಿಯಲ್ಲೇ ಇತ್ತು. ಕೈ ಇನ್ನೂ ಆಳಕ್ಕೆ ಅದ್ದಿ, ಹಿತ್ತಾಳೆ ಬಳೆ ನೀರಲ್ಲಿ ತಣ್ಣಗಾಗೋದನ್ನ ನೋಡ್ತಾ, ಇಪ್ಪತ್ತೇಳರಿಂದ ಮತ್ತೆ ಶುರು ಮಾಡಿದೆ. ಎದೆ ಒಡೆದು ಹೋಗುತ್ತೇನೋ ಅನ್ನೋ ಹಾಗೆ ಹೊಡ್ಕೊಳ್ತಿತ್ತು. ಹೊಡ್ಕೊಳ್ಳಲಿ. ಮೂವತ್ತೈದು. ಮೂವತ್ತೆಂಟು. ನಲವತ್ತು.

ನಿಂತಿರಲಿಲ್ಲ.

ಅಯ್ಯೋ ದೇವರೇ, ನಿಂತಿರಲಿಲ್ಲ. ಕಾಲು ಹಾಗೇ ಅದುರ್ತಿತ್ತು.

"ಆಯ್ತಲ್ಲ ನಿನ್ ನಲವತ್ತು" ಅಂದರು ಅತ್ತೆ. ಇಕ್ಕಳ ಮುಂದಕ್ಕೆ ಚಾಚಿದರು. "ಆಣೆ ಮಾಡಿದ್ದೀಯ."

ಇಕ್ಕಳದ ತುದಿ ನೋಡಿದೆ. ಗಾಜು ಹಸಿರಿಗೆ ತಿರುಗಿತ್ತು. "ಆರಿಹೋಗಿದೆ ಅತ್ತೆ" ಅಂದೆ.

ಅವರು ಅದನ್ನ ನೋಡಿದರು, ನನ್ನನ್ನ ನೋಡಿದರು. ಏನೋ ಗೊಣಗ್ತಾ ಮತ್ತೆ ಒಲೆಗೆ ಓಡಿದರು. ನಾನು ಎರಡನೇ ನಲವತ್ತು ಶುರು ಮಾಡಿದೆ. ಆಣೆ ಮುರಿದೆ, ಗೊತ್ತು. ಅವರು ವಾಪಸ್ ಬಂದರೆ ಮೈ ಅಡ್ಡ ಹಾಕೋದು, ನನ್ನ ಬೆನ್ನ ಮೇಲೆ ಒತ್ತಿಕೊಳ್ಳಲಿ ಅಂತ ಅಂದ್ಕೊಂಡೆ. ಎರಡನೇ ನಲವತ್ತೂ ದಾಟಿದರೆ ಎತ್ಕೊಂಡು ಚಾಮರಾಜಪುರಂಗೆ ಬರಿಗಾಲಲ್ಲಿ ಓಡೋದು. ಅದಕ್ಕೆ ಒಂದು ಉಸಿರು ಮುಂಚೆಯೂ ಅಲ್ಲ, ಒಂದು ಉಸಿರು ಆಮೇಲೂ ಅಲ್ಲ. ಆರು. ಏಳು. ಹದಿಮೂರಕ್ಕೆ ಕಾಲು ಸ್ವಲ್ಪ ನಿಧಾನವಾದ ಹಾಗೆ ಕಂಡಿತು, ನಂಬಲಿಲ್ಲ. ಹದಿನೇಳು. ಕೈ ನಿಂತಿತು. ಇಪ್ಪತ್ತೊಂದಕ್ಕೆ ಕಚ್ಚಿದ ಹಲ್ಲು ಸಡಿಲವಾಯಿತು. ಬಾಯಿಂದ ಜೊಲ್ಲು ಇಳಿಯಿತು, ದೊಡ್ಡದೊಂದು ಉಸಿರು ಎಳೆದ. ತುಟಿಗೆ ಬಣ್ಣ ಬಂತು.

ನಾನು ಎಣಿಸೋದು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎಲ್ಲಿ ಮತ್ತೆ ಶುರುವಾಗುತ್ತೋ ಅಂತ ಭಯ.

ಅತ್ತೆ ಕೆಂಪಗೆ ಕಾದ ಚೂರು ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದರು. ಕೂಸು ಕಣ್ಣು ಅರೆ ತೆರೆದು "ಅಮ್ಮ" ಅಂದ, ನಿದ್ದೆಗೆ ಜಾರಿದ. ಅವರು ನೋಡ್ತಾನೇ ಇದ್ದರು.

"ಏನೂ ಆಕ್ನಿಲ್ವಾ?"

"ಏನೂ ಹಾಕಲಿಲ್ಲ ಅತ್ತೆ."

"ಅದಾಗೇ ನಿಂತ್ಕಂತಾ?"

"ಅದಾಗೇ."

ಇನ್ನು ಮೇಲೆ ಬುದ್ಧಿ ಬರುತ್ತೆ ಇವರಿಗೆ ಅಂತ ಮನಸ್ಸಲ್ಲಿ ಹಿಗ್ಗು ಬಂತು ನನಗೆ, ಸುಳ್ಳು ಯಾಕೆ ಹೇಳಲಿ. ಏಳು ತಿಂಗಳ ಸಿಟ್ಟು ಎಲ್ಲ ಸೇರಿಸಿ ಒಂದು ಮಾತು ಅಂದುಬಿಡೋಣ ಅಂತ ತಲೆ ಎತ್ತಿದೆ.

"ತಡ ಆಗಿರ್ನಿಲ್ಲ ಕಣಮ್ಮಿ" ಅಂದರು. "ನನ್ನ ಕೆಂಪಯ್ಯನ್ಗೆ. ತಡ ಆಗಿರ್ನಿಲ್ಲ. ಬಂದ ತಕ್ಷಣ ಆಕ್ದೆ. ನಿಲ್ನಿಲ್ಲ ಅಂತ ಇನ್ನೊಂದು ಆಕ್ದೆ. ಆಮೇಲೆ ಇನ್ನೊಂದು. ಮೂರೂ ನನ್ ಕೈಯಾರೆ. ಕೂಸು ಒಂದ್ ಕಿತ ಕಣ್ಬುಟ್ಟು ನನ್ ಮಖ ನೋಡ್ತು, ಅಂಗೇ ಓಯ್ತು. ತಡ ಆಯ್ತು ಅಂತ ಎಲ್ಲಾರ್ಗೂ ನಾನೇ ಏಳ್ದೆ."

ಅವರ ಎದೆ ಏರಿ ಇಳೀತಾ ಇತ್ತು, ಬಾಯಿ ತೆರೆದು ಗಾಳಿ ಎಳೀತಿದ್ದರು, ಗಾಳಿ ಒಳಗೆ ಹೋಗ್ತಿರಲಿಲ್ಲ. ಆ ಉಸಿರು ನನಗೆ ಚೆನ್ನಾಗಿ ಗೊತ್ತು. ಎದ್ದು ಹೋಗಿ ಅವರ ಕೈಯಿಂದ ಇಕ್ಕಳ ಬಿಡಿಸಿಕೊಂಡೆ. ಚೂರನ್ನ ಬೋಗುಣಿಗೆ ಹಾಕಿದೆ. ಚುಂಯ್ ಅಂದು ಎರಡಾಯಿತು. ಆ ನೀರು ಹಿತ್ತಲ ಮೋರಿಗೆ ಚೆಲ್ಲಿ, ಬೋಗುಣಿ ತೊಳೆದು, ಹೊಸ ನೀರು ತುಂಬಿಸಿ ತಂದೆ.

ಡಾಕ್ಟರು ಹೇಳಿದ್ದನ್ನ ಎತ್ತಿ ಹೇಳಬಹುದಿತ್ತು. ಅವತ್ತು ನಾನೇ ಬಳೆ ಒಡೆದು ಕೊಟ್ಟೆನಲ್ಲ ಅತ್ತೆ, ಇದರಲ್ಲಿ ನಂದೂ ಪಾಲಿದೆ ಅಂತಲೂ ಹೇಳಬಹುದಿತ್ತು. ಆಮೇಲೆ ಹೇಳಿದೆ, ಬೇರೆ ದಿನ. ಆಗ ಮಾತ್ರ ಅವರನ್ನ ಗೋಡೆಗೆ ಒರಗಿಸಿ ಕೂರಿಸಿ, ಎರಡೂ ಕೈ ಹಿಡಿದು ಮಣಿಕಟ್ಟು ಮುಳುಗೋವರೆಗೂ ತಣ್ಣೀರಲ್ಲಿ ಅದ್ದಿದೆ.

"ಬೆರಳಿಗೆ ಥಂಡಿ ಹತ್ತೋದನ್ನ ನೋಡಿ ಅತ್ತೆ. ಈಗ ಉಸಿರು ತಗೊಳ್ಳಿ. ನಿಧಾನವಾಗಿ ಬಿಡಿ. ಒಂದು."

ಅವರಿಗೆ ನಲವತ್ತು ಸಾಲಲಿಲ್ಲ. ಕತ್ತಲಾಗಿ ಜಟಕಾ ಬಾಗಿಲಿಗೆ ಬಂದಾಗಲೂ ನಾವಿಬ್ಬರೂ ಬೋಗುಣಿ ಮುಂದೆ ಕೂತು ಎಣಿಸ್ತಾ ಇದ್ದೆವು, ಎಷ್ಟನೇ ನಲವತ್ತೋ ಗೊತ್ತಿಲ್ಲ. ಯಜಮಾನರು ಒಳಗೆ ಬಂದು, "ಏನಾಯ್ತು?" ಅಂದರು. ಅತ್ತೆ ತಲೆ ಎತ್ತಲಿಲ್ಲ.

"ತಡಿಯಪ್ಪ" ಅಂದರು. "ಇನ್ನೂ ಆರು ಅವೆ."